ಪಾದ್ರಿ ಪತ್ತೇದಾರನಾದಾಗ: ಕ್ರೈಸ್ತ ಕಥಾಲೋಕಕ್ಕೊಂದು ಕೈಪಿಡಿ

ಕ್ರೈಸ್ತ ಕಾದಂಬರಿ ಎಂದೊಡನೆ ಎರಡು ಬಗೆಯ ಓದುಗರು ಹಿಂದೆ ಸರಿಯುತ್ತಾರೆ. ಚರ್ಚಿನ ಹೊರಗಿನವರಿಗೆ, ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಮೊಣಕಾಲೂರಿ ಅಳುತ್ತಾರೆ, ಅಷ್ಟೇ ತಾನೆ ಎಂಬ ಅನುಮಾನ. ಚರ್ಚಿನ ಒಳಗಿನವರಿಗೆ, ಭಾನುವಾರ ಕೇಳಿದ ಪ್ರಸಂಗವನ್ನೇ ಮುನ್ನೂರು ಪುಟಕ್ಕೆ ಎಳೆದಿರುತ್ತಾರೆ ಎಂಬ ಬೇಸರ. ಎರಡೂ ಸುಳ್ಳಲ್ಲ. ಅಂಥ ಪುಸ್ತಕಗಳು ರಾಶಿ ರಾಶಿ ಇವೆ. ಆದರೆ ಅವುಗಳ ಪಕ್ಕದಲ್ಲೇ ಕೊಲೆಯ ಗುಟ್ಟು ಬಿಡಿಸುವ ಪಾದ್ರಿ ಇದ್ದಾನೆ, ಸೋದರಳಿಯನಿಗೆ ಕಾಗದ ಬರೆಯುವ ಸೈತಾನನಿದ್ದಾನೆ, ಜಪಾನಿನ ಕಡಲತೀರದಲ್ಲಿ ದೇವರು ಯಾಕೆ ಮಾತಾಡುತ್ತಿಲ್ಲ ಎಂದು ಕಂಗಾಲಾದ ಪೋರ್ಚುಗೀಸ್ ಸನ್ಯಾಸಿಯೂ ಇದ್ದಾನೆ. ಈ ರಾಶಿಯಿಂದ ಆರಿಸಿ ಓದುವುದು ಹೇಗೆ, ಇನ್ನೊಬ್ಬರ ಕೈಗೆ ಕೊಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಈ ಹೆಸರಿನಡಿ ಎರಡು ಬೇರೆ ಬೇರೆ ಹೊಳೆಗಳು ಹರಿಯುತ್ತವೆ. ಒಂದು, ನಂಬಿಕೆಯುಳ್ಳ ಲೇಖಕರು ಎಲ್ಲ ಓದುಗರಿಗಾಗಿ ಬರೆದದ್ದು: ದಸ್ತಯೆವ್‌ಸ್ಕಿ, ಗ್ರಹಾಂ ಗ್ರೀನ್, ಫ್ಲ್ಯಾನರಿ ಓಕಾನರ್, ಶುಸಾಕು ಎಂಡೊ. ಇನ್ನೊಂದು, ಅಮೆರಿಕದ ಕ್ರೈಸ್ತ ಪ್ರಕಾಶನಗಳು ತಮ್ಮದೇ ಓದುಗರಿಗಾಗಿ ಬೆಳೆಸಿದ ಮಾರುಕಟ್ಟೆ. 1979ರಲ್ಲಿ ಜಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್ಲಿ’ ಬಂದು ಗೆದ್ದ ಮೇಲೆ ಈ ಎರಡನೆಯ ಹೊಳೆ ತುಂಬಿ ಹರಿಯಿತು. ಬೈಗುಳ ಇರಬಾರದು, ಮಲಗುವ ಕೋಣೆಯ ಬಾಗಿಲು ಮುಚ್ಚಿರಬೇಕು ಎಂಬಂಥ ಅಲಿಖಿತ ಕಟ್ಟುಪಾಡುಗಳು ಅಲ್ಲಿವೆ. ಕ್ಯಾಥರೀನ್ ಮಾರ್ಷಲ್ ಅವರ ‘ಕ್ರಿಸ್ಟಿ’ ಕಾದಂಬರಿಯ ಹೆಸರಿನಲ್ಲಿ ಪ್ರಶಸ್ತಿಯೂ ಇದೆ. ಮೊದಲನೆಯದು ಸಾಹಿತ್ಯ, ಎರಡನೆಯದು ಸರಕು ಎಂದು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ಮಾಡಿದರೆ ಓದುವ ಸುಖದಲ್ಲಿ ಅರ್ಧ ಕೈತಪ್ಪುತ್ತದೆ. ಎರಡೂ ಹೊಳೆಗಳ ಹಿಂದೆ ಒಬ್ಬನೇ ಅಜ್ಜನಿದ್ದಾನೆ, ಪಾತ್ರೆ ರಿಪೇರಿ ಮಾಡುತ್ತಿದ್ದ ಜಾನ್ ಬನ್ಯನ್. ಬೆಡ್‌ಫರ್ಡ್‌ನಲ್ಲಿ ಜೈಲು ಕಂಡ ಈತನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ 1678ರಲ್ಲಿ ಬಂತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಾಸೆಲ್ ಮಿಶನ್ನಿನವರು ಅದನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. ನಮ್ಮಲ್ಲಿ ಕಾದಂಬರಿ ಎಂಬುದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲವದು.

ಒಳ್ಳೆಯದನ್ನು ಗುರುತಿಸಲು ನಾನು ಬಳಸುವುದು ಒಂದೇ ಪರೀಕ್ಷೆ. ಪುಸ್ತಕದಿಂದ ಪ್ರಾರ್ಥನೆ, ವಾಕ್ಯ, ದೇವರ ಹೆಸರು ಎಲ್ಲವನ್ನೂ ಮನಸ್ಸಿನಲ್ಲೇ ಅಳಿಸಿ ನೋಡಿ. ಕಥೆ ಮೊದಲಿನಂತೆಯೇ ಓಡುತ್ತಿದ್ದರೆ ನಂಬಿಕೆ ಅಲ್ಲಿ ಬರೀ ಬಣ್ಣ. ಕಥೆ ಕುಸಿದುಬಿದ್ದರೆ ನಂಬಿಕೆ ಅಲ್ಲಿ ತೊಲೆ. ಪತ್ತೇದಾರಿಯಾದರೆ ಗುಟ್ಟು ಬಿಚ್ಚಿಕೊಳ್ಳುವ ಬಗೆಯಲ್ಲೇ, ಪ್ರೇಮಕಥೆಯಾದರೆ ಪ್ರೀತಿಸುವ ರೀತಿಯಲ್ಲೇ ಆ ನಂಬಿಕೆ ಕೆಲಸ ಮಾಡಬೇಕು.

ಜಿ.ಕೆ. ಚೆಸ್ಟರ್‌ಟನ್ನರ ಫಾದರ್ ಬ್ರೌನ್ ಕಥೆಗಳಲ್ಲಿ ಇದನ್ನು ಸೊಗಸಾಗಿ ನೋಡಬಹುದು. ಮೊದಲ ಕಥೆ ‘ದಿ ಬ್ಲೂ ಕ್ರಾಸ್’, 1910ರದ್ದು. ಫ್ಲ್ಯಾಂಬೊ ಎಂಬ ಭಾರೀ ಕಳ್ಳ ಪಾದ್ರಿಯ ವೇಷ ಹಾಕಿ, ನೀಲಮಣಿ ಕೂರಿಸಿದ ಶಿಲುಬೆಯೊಂದನ್ನು ಲಪಟಾಯಿಸಲು ಗಿಡ್ಡ, ಪೆದ್ದನಂತೆ ಕಾಣುವ ನಿಜವಾದ ಪಾದ್ರಿಯ ಜೊತೆ ಲಂಡನ್ ಸುತ್ತುತ್ತಾನೆ. ಅವರ ಬೆನ್ನು ಹತ್ತಿದ ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿಗೆ ದಾರಿಯುದ್ದಕ್ಕೂ ವಿಚಿತ್ರಗಳೇ ಸಿಗುತ್ತವೆ: ಹೋಟೆಲಿನಲ್ಲಿ ಸಕ್ಕರೆ ಡಬ್ಬಿಯಲ್ಲಿ ಉಪ್ಪು, ಗೋಡೆಗೆ ಎರಚಿದ ಸೂಪು, ಹಣ್ಣಿನಂಗಡಿಯಲ್ಲಿ ಅದಲುಬದಲಾದ ಫಲಕಗಳು, ಒಡೆದ ಕಿಟಕಿ. ಎಲ್ಲವೂ ಆ ಗಿಡ್ಡ ಪಾದ್ರಿಯದೇ ಕೆಲಸ. ಪೊಲೀಸರಿಗೆ ಜಾಡು ಸಿಗಲಿ ಎಂಬುದು ಒಂದು ಉದ್ದೇಶ. ಇನ್ನೊಂದು, ಜೊತೆಗಿರುವವನು ಯಾರೆಂದು ಪರೀಕ್ಷಿಸುವುದು. ಕಾಫಿಗೆ ಉಪ್ಪು ಬಿದ್ದರೆ ಯಾರಾದರೂ ರೇಗುತ್ತಾರೆ. ರೇಗದವನಿಗೆ ಗಮನ ಸೆಳೆಯಲು ಇಷ್ಟವಿಲ್ಲ ಎಂದರ್ಥ. ಕೊನೆಗೆ ಕಳ್ಳ ದಂಗಾಗಿ, ಇಷ್ಟೆಲ್ಲ ಕಳ್ಳಬುದ್ಧಿ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ದಿನವಿಡೀ ಕುಳಿತು ಜನರ ನಿಜವಾದ ಪಾಪಗಳನ್ನು ಕೇಳುವವನಿಗೆ ಕೆಡುಕಿನ ಪರಿಚಯ ಇರುವುದಿಲ್ಲವೇ ಎನ್ನುವ ಧಾಟಿಯಲ್ಲಿ ಪಾದ್ರಿ ಉತ್ತರಿಸುತ್ತಾನೆ. ನೀನು ಪಾದ್ರಿಯಲ್ಲ ಎಂದು ನನಗೆ ಖಚಿತವಾದದ್ದು ಮಾತ್ರ ನೀನು ವಿವೇಕವನ್ನು ಹೀಗಳೆದಾಗ, ದೇವಶಾಸ್ತ್ರ ಓದಿದವನು ಹಾಗೆ ಮಾಡುವುದಿಲ್ಲ ಎಂದೂ ಸೇರಿಸುತ್ತಾನೆ.

ಪಾಪನಿವೇದನೆಯ ಪೀಠವನ್ನು ಇಲ್ಲಿಂದ ತೆಗೆದುಬಿಟ್ಟರೆ ಪತ್ತೇದಾರಿಯೇ ಇಲ್ಲ. ಷರ್ಲಾಕ್ ಹೋಮ್ಸ್ ಬೂದಿ, ಕೆಸರು ನೋಡಿ ಕಳ್ಳನನ್ನು ಹಿಡಿದರೆ ಬ್ರೌನ್ ತನ್ನೊಳಗೂ ಅದೇ ಕಳ್ಳ ಇದ್ದಾನೆಂದು ಒಪ್ಪಿಕೊಂಡು ಹಿಡಿಯುತ್ತಾನೆ. ಮುಂದಿನ ಕಥೆಗಳಲ್ಲಿ ಫ್ಲ್ಯಾಂಬೊ ಸುಧಾರಿಸಿ ಅವನ ಗೆಳೆಯನೂ ಆಗುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಯಾರಿಗಾದರೂ ಮೊದಲು ಕೊಡಬೇಕಾದದ್ದು ಇದನ್ನೇ. ಕಥೆಗಳು ಚಿಕ್ಕವು, ಒಂದು ಬಸ್ ಪ್ರಯಾಣಕ್ಕೆ ಒಂದು ಸಾಕು. ಇದೇ ದಾರಿಯಲ್ಲಿ ಮುಂದೆ ಹೋಗುವವರಿಗೆ ಎಲಿಸ್ ಪೀಟರ್ಸ್ ಅವರ ಬ್ರದರ್ ಕ್ಯಾಡ್‌ಫೇಲ್ ಇದ್ದಾನೆ: ಹನ್ನೆರಡನೆಯ ಶತಮಾನದ ಮಠದಲ್ಲಿ ಔಷಧಿ ಗಿಡ ಬೆಳೆಸುವ ಸನ್ಯಾಸಿ.

ಮಕ್ಕಳಿಗೆ, ಅಥವಾ ಮಾಯಾಲೋಕದ ಹುಚ್ಚಿನ ದೊಡ್ಡವರಿಗೆ ಸಿ.ಎಸ್. ಲೂಯಿಸ್‌ರ ನಾರ್ನಿಯಾ. ಏಳು ಪುಸ್ತಕಗಳು, 1950ರಿಂದ 1956ರವರೆಗೆ. ಇಲ್ಲೊಂದು ಪ್ರಾಯೋಗಿಕ ಎಚ್ಚರಿಕೆ: ಈಗ ಮಾರುವ ಸೆಟ್ಟುಗಳಲ್ಲಿ ಕಥಾಕಾಲದ ಕ್ರಮದಲ್ಲಿ ‘ದಿ ಮೆಜಿಷಿಯನ್ಸ್ ನೆಫ್ಯೂ’ಗೆ ಒಂದನೇ ನಂಬರು ಹಾಕಿರುತ್ತಾರೆ. ಅದನ್ನು ನಂಬಬೇಡಿ. 1950ರಲ್ಲಿ ಮೊದಲು ಬಂದ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ನಿಂದಲೇ ಶುರುಮಾಡಿ. ಬಟ್ಟೆಬೀರುವಿನ ಬಾಗಿಲು ತೆರೆದು ಹಿಮದೊಳಗೆ ಕಾಲಿಡುವ ಬೆರಗು, ಆ ಲೋಕ ಹುಟ್ಟಿದ್ದು ಹೇಗೆಂದು ಮೊದಲೇ ಗೊತ್ತಿದ್ದರೆ ಉಳಿಯುವುದಿಲ್ಲ.

ಅದರಲ್ಲಿ ಎಡ್ಮಂಡ್ ಎಂಬ ಹುಡುಗ ಟರ್ಕಿಶ್ ಡಿಲೈಟ್ ಎಂಬ ಸಿಹಿತಿಂಡಿಯ ಆಸೆಗೆ ಅಣ್ಣ, ಅಕ್ಕ, ತಂಗಿಯರನ್ನು ಮಾಟಗಾತಿಗೆ ಒಪ್ಪಿಸಲು ಹೊರಡುತ್ತಾನೆ. ಇಷ್ಟು ಅಗ್ಗಕ್ಕೆ ದ್ರೋಹವೇ ಎಂದು ಇಂದಿನ ಮಕ್ಕಳು ನಗುತ್ತಾರೆ. ಆದರೆ ಕಥೆ ನಡೆಯುವುದು ಬಾಂಬಿಗೆ ಹೆದರಿ ಲಂಡನ್ನಿನಿಂದ ಮಕ್ಕಳನ್ನು ಹಳ್ಳಿಗೆ ಸಾಗಿಸಿದ ಯುದ್ಧಕಾಲದಲ್ಲಿ. ಬ್ರಿಟನ್ನಿನಲ್ಲಿ ಸಿಹಿತಿಂಡಿಯ ಪಡಿತರ ಪೂರ್ತಿ ಮುಗಿದದ್ದೇ 1953ರಲ್ಲಿ. ಅಂದಿನ ಬಾಲ ಓದುಗರಿಗೆ ಎಡ್ಮಂಡನ ಜೊಲ್ಲು ತಮ್ಮದೇ ಆಗಿತ್ತು. ಸಿಂಹ ಅಸ್ಲಾನ್ ಅವನ ಬದಲು ಸಾಯುವುದನ್ನು ಓದಿ ಯೇಸುವಿನ ಶಿಲುಬೆ ನೆನಪಾದರೆ ಸರಿ, ಆಗದಿದ್ದರೂ ಸರಿ. ಇದಕ್ಕೆ ಇದು ಸಮ ಎಂಬ ಲೆಕ್ಕದ ಅನ್ಯೋಕ್ತಿ ಇದಲ್ಲ, ಅಂಥದೊಂದು ಲೋಕವಿದ್ದಿದ್ದರೆ ಅಲ್ಲಿ ಕ್ರಿಸ್ತ ಹೇಗೆ ಬರುತ್ತಿದ್ದ ಎಂಬ ಊಹೆ ಎಂದು ಲೂಯಿಸರೇ ಹೇಳುತ್ತಿದ್ದರು. ಓದುತ್ತಿರುವ ಮಗುವಿನ ಪಕ್ಕ ಕೂತು ‘ಸಿಂಹ ಅಂದರೆ ಯಾರು ಹೇಳು ನೋಡೋಣ’ ಎಂದು ಪಾಠ ಒಪ್ಪಿಸಿಕೊಳ್ಳುವವರಿಗೆ ಪುಸ್ತಕ ಕೊಡಲೇಬಾರದು.

ದೊಡ್ಡವರಿಗೆ ಲೂಯಿಸರದೇ ‘ಸ್ಕ್ರೂಟೇಪ್ ಲೆಟರ್ಸ್’ (1942). ಹಿರಿಯ ಸೈತಾನನೊಬ್ಬ ಮನುಷ್ಯನನ್ನು ಕೆಡಿಸುವುದು ಹೇಗೆಂದು ಸೋದರಳಿಯನಿಗೆ ಬರೆಯುವ 31 ಪತ್ರಗಳು. ಎಲ್ಲವನ್ನೂ ತಲೆಕೆಳಗು ಮಾಡಿಕೊಂಡು ಓದಬೇಕು. ಅಲ್ಲಿ ‘ಶತ್ರು’ ಎಂದರೆ ದೇವರು. ಆಫೀಸಿನ ಮೇಲಧಿಕಾರಿಯ ಸರ್ಕ್ಯುಲರ್ ಓದಿ ಗೊತ್ತಿದ್ದವರಿಗೆ ಅದರ ಧಾಟಿ ಕಚಗುಳಿಯಿಡುತ್ತದೆ.

ಪ್ರೇಮಕಥೆಗೆ ಬಂದರೆ, ಜಾನೆಟ್ ಓಕ್ ಅವರ ಮಾರ್ಟಿ ಪಶ್ಚಿಮಕ್ಕೆ ಗಾಡಿಯಲ್ಲಿ ಹೊರಟ ದಾರಿಯಲ್ಲೇ ಗಂಡನನ್ನು ಕಳೆದುಕೊಳ್ಳುತ್ತಾಳೆ. ಅವನನ್ನು ಮಣ್ಣು ಮಾಡಿದ ದಿನವೇ, ಪುಟ್ಟ ಮಗಳಿರುವ ವಿಧುರನೊಬ್ಬ ಬಂದು ಬರೀ ಅನುಕೂಲಕ್ಕೆ ಮದುವೆಯಾಗೋಣವೇ ಎನ್ನುತ್ತಾನೆ. ಮುಂದೇನಾಗುತ್ತದೆಂದು ನಮಗೆ ಗೊತ್ತು, ಆದರೂ ಓದಿಸಿಕೊಳ್ಳುತ್ತದೆ. ಮನೆಗೆಲಸ, ಕಾಡುವ ಚಳಿ, ಒಲೆಯ ಮುಂದಿನ ಮೌನಗಳೇ ಇಲ್ಲಿನ ಕಥೆ. ಸಾಯಿಸುತೆಯವರ ಕಾದಂಬರಿಗಳನ್ನು ಮೆಚ್ಚುವವರಿಗೆ ಧೈರ್ಯವಾಗಿ ಕೊಡಬಹುದು. ಫ್ರಾನ್ಸಿನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’ (1991) ಹಾಗಲ್ಲ. ಬೈಬಲಿನ ಹೋಶೇಯನೆಂಬ ಪ್ರವಾದಿ ಬಿಟ್ಟುಹೋದ ಹೆಂಡತಿಯನ್ನು ಮತ್ತೆ ಕರೆತರುತ್ತಾನಲ್ಲ, ಆ ಕಥೆಯನ್ನು ಚಿನ್ನದ ಹುಚ್ಚು ಹಿಡಿದಿದ್ದ ಕ್ಯಾಲಿಫೋರ್ನಿಯಾಕ್ಕೆ ತಂದ ಕಾದಂಬರಿ ಇದು. ನನ್ನ ಪರೀಕ್ಷೆಯಲ್ಲಿ ಪಾಸಾಗುತ್ತದೆ. ನಂಬಿಕೆ ತೆಗೆದರೆ ಆ ಗಂಡನ ನಡತೆಗೆ ಅರ್ಥವೇ ಇಲ್ಲ. ಆದರೆ ಎಂಟು ವರ್ಷದ ಹೆಣ್ಣುಮಗುವನ್ನು ವೇಶ್ಯಾವಾಟಿಕೆಗೆ ಮಾರುವ ದೃಶ್ಯಗಳು ಆರಂಭದಲ್ಲೇ ಇವೆ. ‘ಕ್ರೈಸ್ತ ಪ್ರೇಮಕಥೆ’ ಎಂಬ ಹಣೆಪಟ್ಟಿ ನೋಡಿ ಹೈಸ್ಕೂಲು ಹುಡುಗಿಗೆ ಉಡುಗೊರೆ ಕೊಡುವವರು ಮೊದಲು ತಾವು ಓದಲಿ.

ಥ್ರಿಲ್ಲರುಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಟಿಮ್ ಲಹೇ, ಜೆರ್ರಿ ಜೆಂಕಿನ್ಸ್ ಜೋಡಿಯ ‘ಲೆಫ್ಟ್ ಬಿಹೈಂಡ್’ (1995) ಹಾರುತ್ತಿರುವ ವಿಮಾನದಲ್ಲಿ ಪ್ರಯಾಣಿಕರು ಬಟ್ಟೆಬರೆ ಸೀಟಿನಲ್ಲೇ ಬಿಟ್ಟು ಮಾಯವಾಗುವುದರೊಂದಿಗೆ ಶುರುವಾಗುತ್ತದೆ. ಆ ಆರಂಭಕ್ಕೆ ಚಪ್ಪಾಳೆ. ಆಮೇಲೆ ಎಲ್ಲ ಘಟನೆಗಳೂ ಲೇಖಕರು ಬೈಬಲಿನ ಪ್ರಕಟನೆ ಗ್ರಂಥವನ್ನು ಅರ್ಥೈಸಿದ ಪಟ್ಟಿಯ ಪ್ರಕಾರ ನಡೆಯುವುದರಿಂದ ಥ್ರಿಲ್ ಎಲ್ಲಿಂದ ಬರಬೇಕು? ಅದರಲ್ಲಿನ ಅಂತ್ಯಕಾಲದ ಚಿತ್ರ ಕೆಲವು ಪ್ರೊಟೆಸ್ಟೆಂಟ್ ಪಂಗಡಗಳದ್ದು. ಕ್ಯಾಥೊಲಿಕ್ ಸಭೆ ಅದನ್ನು ಬೋಧಿಸುವುದಿಲ್ಲ, ಎಷ್ಟೋ ಪ್ರೊಟೆಸ್ಟೆಂಟ್ ಸಭೆಗಳೂ ಬೋಧಿಸುವುದಿಲ್ಲ. ಇಷ್ಟನ್ನು ಹೇಳಿಯೇ ಕೊಡಿ, ಇಲ್ಲದಿದ್ದರೆ ಓದಿದವರು ‘ಕ್ರೈಸ್ತರೆಲ್ಲ ನಂಬುವುದು ಇದನ್ನೇ’ ಅಂದುಕೊಳ್ಳುತ್ತಾರೆ.

ಗಂಭೀರ ಕಾದಂಬರಿಗಳಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ. ನಾವು 1965ರ ‘ಸಂಸ್ಕಾರ’ ಓದಿದ್ದೇವೆ. ತನ್ನ ಧರ್ಮ ತನಗೆ ಖಚಿತವಾಗಿ ಗೊತ್ತೆಂದುಕೊಂಡ ವಿದ್ವಾಂಸನ ಕಾಲಡಿಯ ನೆಲ ಕುಸಿದು, ಊರು ಬಿಟ್ಟು ಅಲೆಯುವುದು ನಮಗೆ ಹೊಸತಲ್ಲ. ಮರುವರ್ಷವೇ, 1966ರಲ್ಲಿ, ಜಪಾನಿನಲ್ಲಿ ಶುಸಾಕು ಎಂಡೊ ‘ಸೈಲೆನ್ಸ್’ ಪ್ರಕಟಿಸಿದರು. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರನ್ನು ಬಲ್ಲವರಿಗೆ ಅಲ್ಲಿನ ರೊಡ್ರಿಗಸ್ ಬೇಗ ಪರಿಚಿತನಾಗುತ್ತಾನೆ. ಹದಿನೇಳನೆಯ ಶತಮಾನದಲ್ಲಿ ಕ್ರೈಸ್ತಮತವನ್ನು ನಿಷೇಧಿಸಿದ ಜಪಾನಿಗೆ ಕದ್ದು ಬಂದ ಜೆಸುಯಿಟ್ ಪಾದ್ರಿ ಅವನು. ಸೆರೆಮನೆಯ ಕತ್ತಲಲ್ಲಿ ಅವನಿಗೆ ಯಾರೋ ಗೊರಕೆ ಹೊಡೆಯುವ ಸದ್ದು ಕೇಳುತ್ತದೆ. ಕಾವಲುಗಾರ ಕುಡಿದು ಮಲಗಿದ್ದಾನೆಂದು ಅಸಹ್ಯಪಡುತ್ತಾನೆ, ನಗುತ್ತಾನೆ ಕೂಡ. ಅದು ಗೊರಕೆಯಲ್ಲ, ಗುಂಡಿಯ ಮೇಲೆ ತಲೆಕೆಳಗಾಗಿ ನೇತುಹಾಕಿದ ಬಡ ರೈತರ ನರಳಾಟ ಎಂದು ಆಮೇಲೆ ತಿಳಿಯುತ್ತದೆ. ಕ್ರಿಸ್ತನ ಚಿತ್ರವಿರುವ ಫಲಕವನ್ನು ಅವನು ತುಳಿದರೆ ಅವರು ಉಳಿಯುತ್ತಾರೆ. ಇಡೀ ಪುಸ್ತಕ ಆ ಒಂದು ಹೆಜ್ಜೆಯ ಕಡೆಗೆ ಸಾಗುತ್ತದೆ. ತುಳಿದದ್ದು ದ್ರೋಹವೋ ಪ್ರೀತಿಯೋ ಎಂದು ಕ್ರೈಸ್ತರೇ ಇಂದಿಗೂ ಜಗಳವಾಡುತ್ತಾರೆ.

ಗ್ರೀನ್‌ರ ‘ದಿ ಪವರ್ ಅಂಡ್ ದಿ ಗ್ಲೋರಿ’ (1940) ಇದರ ಜೊತೆ ಓದಬೇಕಾದದ್ದು. ಪಾದ್ರಿಗಳನ್ನು ಬೇಟೆಯಾಡುತ್ತಿದ್ದ ಮೆಕ್ಸಿಕೊದಲ್ಲಿ ಕುಡುಕ, ಒಂದು ಮಗುವಿನ ತಂದೆ, ಹೆದರುಪುಕ್ಕಲನಾದ ಪಾದ್ರಿಯೊಬ್ಬ ಗಡಿ ದಾಟಿ ಪಾರಾದ ಮೇಲೂ, ಬಲೆ ಎಂದು ಗೊತ್ತಿದ್ದೂ, ಸಾಯುತ್ತಿರುವ ಕೊಲೆಗಾರನ ಪಾಪನಿವೇದನೆ ಕೇಳಲು ಹಿಂತಿರುಗುತ್ತಾನೆ. ಚರ್ಚಿನ ಹಿರಿಯರಿಗೆ ಇದನ್ನು ಕೊಡುವಾಗ ನಾಯಕ ಕುಡುಕ ಎಂದು ಮೊದಲೇ ಹೇಳಿಬಿಡಿ. ಇಷ್ಟು ಬಿರುಸು ಬೇಡ ಎನ್ನುವವರಿಗೆ ಮೆರಿಲಿನ್ ರಾಬಿನ್ಸನ್ ಅವರ ‘ಗಿಲಿಯಡ್’ (2004). ಎಪ್ಪತ್ತಾರರ ಪಾದ್ರಿ ತನ್ನ ಏಳು ವರ್ಷದ ಮಗನಿಗೆ ಬರೆದಿಡುವ ಕಾಗದ. ಮೊದಲ ಐವತ್ತು ಪುಟಗಳಲ್ಲಿ ಏನೂ ಆಗುವುದಿಲ್ಲ ಎನಿಸುತ್ತದೆ. ಆಮೇಲೆ ಆ ಒಳ್ಳೆಯ ಮುದುಕನೊಳಗೆ ಗೆಳೆಯನ ಮಗನ ಬಗ್ಗೆ ಇರುವ ಮತ್ಸರ ಮೆಲ್ಲಗೆ ಹೊರಬರುತ್ತದೆ.

ಇವನ್ನೆಲ್ಲ ಓದಲು ಬೈಬಲ್ ಪೂರ್ತಿ ಗೊತ್ತಿರಬೇಕೇ? ಬೇಡ. ಮಾರ್ಕನ ಸುವಾರ್ತೆ, ಹದಿನಾರೇ ಅಧ್ಯಾಯ, ಒಂದು ಸಂಜೆಯ ಓದು. ಲೂಕನ ಹದಿನೈದನೆಯ ಅಧ್ಯಾಯದ ದುಂದುಗಾರ ಮಗನ ಸಾಮ್ಯ, ಹೋಶೇಯನ ಮೊದಲ ಮೂರು ಅಧ್ಯಾಯ. ಇಷ್ಟಿದ್ದರೆ ಮುಕ್ಕಾಲು ಪಾಲು ಸೂಚನೆಗಳು ಬಿಚ್ಚಿಕೊಳ್ಳುತ್ತವೆ. ಪೇತ್ರ ಕೋಳಿ ಕೂಗುವ ಮುನ್ನ ಮೂರು ಬಾರಿ ಅಲ್ಲಗಳೆದದ್ದು ಗೊತ್ತಿದ್ದರೆ, ‘ಸೈಲೆನ್ಸ್’ನಲ್ಲಿ ಕೋಳಿ ಕೂಗಿದಾಗ ಬೆಚ್ಚಿಬೀಳುತ್ತೀರಿ. ಇನ್ನು ಮತಾಂತರದ ಹಂಗಿಲ್ಲದ, ನೆರೆಹೊರೆಯ ಬದುಕಾಗಿ ಕ್ರೈಸ್ತರನ್ನು ಕಾಣಬೇಕೆನ್ನುವವರು ಸಾಗರದ ನಾ. ಡಿಸೋಜರ ಬರಹಗಳನ್ನು ಹುಡುಕಲಿ. ಇಗರ್ಜಿಯ ಸುತ್ತಲಿನ ಮಲೆನಾಡಿನ ಮನೆಗಳನ್ನು ಅವರಷ್ಟು ಸಲಿಗೆಯಿಂದ ಕನ್ನಡದಲ್ಲಿ ಬರೆದವರು ವಿರಳ.

ಶಿಫಾರಸು ಮಾಡುವಾಗ ‘ನಿಮಗೆ ದೇವರಲ್ಲಿ ನಂಬಿಕೆ ಇದೆಯೇ’ ಎಂದು ಕೇಳಬೇಡಿ, ಈಚೆಗೆ ನಿದ್ದೆಗೆಟ್ಟು ಓದಿದ್ದು ಯಾವುದು ಎಂದು ಕೇಳಿ. ಸರಣಿಯಿದ್ದರೆ ಒಂದೇ ಪುಸ್ತಕ ಕೊಡಿ. ಓದಿದವರು ಹಿಂದಿರುಗಿಸಿದಾಗ ಮನಸ್ಸು ತಟ್ಟಿತೇ ಎಂದು ವಿಚಾರಿಸಿದರೆ ಮರ್ಯಾದೆಗೆ ಹೂಂ ಎನ್ನುತ್ತಾರೆ. ಅದರ ಬದಲು, ಕೊಟ್ಟದ್ದು ‘ಸೈಲೆನ್ಸ್’ ಆಗಿದ್ದರೆ, ಕಿಚಿಜಿರೋ ಬಗ್ಗೆ ಕೇಳಿ. ಪಾದ್ರಿಯನ್ನು ಹಿಡಿದುಕೊಟ್ಟು, ಮತ್ತೆ ಬಂದು ಕ್ಷಮೆ ಬೇಡುವ, ಮತ್ತೆ ಜಾರುವ ಪುಕ್ಕಲ ಅವನು. ಅವನ ಮೇಲೆ ರೇಗಿದವರಿಗೆ ಗ್ರೀನ್ ಕೊಡಿ. ಅವನಿಗಾಗಿ ಮರುಗಿದವರಿಗೆ ದಸ್ತಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಓದುವಷ್ಟು ತಾಳ್ಮೆ ಇದ್ದೇ ಇರುತ್ತದೆ.