ನಗಬ್ಯಾಡ್ರಿ, ಭಾವಚಿತ್ರ ಐತಿ

ಅರ್ಜಿಯೊಂದಕ್ಕೆ ‘ಇತ್ತೀಚಿನ ಭಾವಚಿತ್ರ’ ಬೇಕಾಗಿತ್ತು. ಕೊಲ್ಹಾರದ ಸ್ಟುಡಿಯೊ ಹೊಕ್ಕು ಸ್ಟೂಲಿನ ಮೇಲೆ ಕೂತೆ. “ನಗಬ್ಯಾಡ್ರಿ ಸರ, ಮಾರಿ ಸೀದಾ ಇಡ್ರಿ” ಅಂದ ಹುಡುಗ. ಹೆಸರು ಭಾವಚಿತ್ರ, ಷರತ್ತು ಮುಖದಲ್ಲಿ ಭಾವ ಇರಕೂಡದು!

ಈ ತಮಾಷೆಗೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳಿದ್ದು 1126–1138) ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಚಿತ್ರಗಳ ಜಾತಿ ಬಿಡಿಸಿ ಹೇಳಿದ್ದಾನೆ. ಕನ್ನಡಿಯಲ್ಲಿ ಕಂಡ ಹಾಗೆ ಹೋಲಿಕೆ ಹಿಡಿದು ಬರೆದದ್ದು ವಿದ್ಧಚಿತ್ರ. ಮನಸ್ಸಿನಿಂದ ಹುಟ್ಟಿಸಿದ್ದು ಅವಿದ್ಧ. ನೋಡಿದೊಡನೆ ಶೃಂಗಾರವೋ ಮತ್ತೊಂದೋ ರಸ ನೋಡುವವನಿಗೆ ತಟ್ಟಿದರೆ, ಅದು ಭಾವಚಿತ್ರ. ಹಾಗಾದರೆ ಕಚೇರಿಯವರು ಕೇಳುತ್ತಿರುವುದು ವಿದ್ಧಚಿತ್ರ. ಪಾಪ, ಫಾರಂ ಅಚ್ಚು ಹಾಕಿಸಿದವರು ಸೋಮೇಶ್ವರನನ್ನು ಓದಿರಲಿಕ್ಕಿಲ್ಲ.

ಇಂಗ್ಲಿಷಿನ ಪೋರ್ಟ್ರೇಟ್ ಪದದ ಪಾಡೂ ಅಷ್ಟೇ. ಅದರ ಲ್ಯಾಟಿನ್ ಬೇರಿಗೆ ‘ಹೊರಗೆಳೆ’ ಎಂದರ್ಥ. ಈಗ ಫ್ಲೆಕ್ಸ್ ಅಂಗಡಿಯಲ್ಲಿ ಹಾಳೆ ನಿಂತಿರಬೇಕೋ ಅಡ್ಡ ಮಲಗಿರಬೇಕೋ ಅನ್ನುವುದಕ್ಕೆ ಸಾಕಾಗಿದೆ.

ವಿದ್ಧವೂ ಅವಿದ್ಧವೂ ಒಂದೇ ಹಾಳೆಯಲ್ಲಿ ಬೆರೆತದ್ದನ್ನು ನೋಡಬೇಕೆಂದರೆ ವಿಜಯಪುರದ ಕಲಾವಿದರ ಬಳಿಗೆ ಹೋಗಬೇಕು. ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬಿಬ್ಬರು 1680ರ ಸುಮಾರಿಗೆ ಆದಿಲ್‌ಶಾಹಿ ಮನೆತನದ ಸುಲ್ತಾನರನ್ನೆಲ್ಲ ಒಟ್ಟಿಗೆ ಕೂರಿಸಿ ಬರೆದ ಚಿತ್ರವೊಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಮೂಲಪುರುಷ ಯೂಸುಫ್ ತೀರಿಕೊಂಡು ಆಗಲೇ 170 ವರ್ಷ. ಅವನನ್ನು ಇವರೇನು ಕಂಡಿದ್ದರೇ? ಆದರೂ ಇರಾನಿನ ಶಹಾ ಅವನ ಕೈಗೆ ಅಧಿಕಾರದ ಬೀಗದಕೈ ಕೊಡುತ್ತಿದ್ದಾನೆ. ಅದೇ ಸಾಲಿನಲ್ಲಿ ಕೊನೆಯ ಸುಲ್ತಾನ ಸಿಕಂದರ್, ಇನ್ನೂ ಮೀಸೆ ಮೂಡದ ಹುಡುಗ. ಅವನೊಬ್ಬನೇ ಆಗ ಬದುಕಿದ್ದವನು. ಆರು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ವಿಜಯಪುರದ ಕೋಟೆ ತಗೊಂಡ. ಇದು ಗೊತ್ತಿದ್ದು ನೋಡಿದರೆ ಕಣ್ಣು ಆ ಹುಡುಗನನ್ನು ಬಿಟ್ಟು ಕದಲುವುದಿಲ್ಲ. ಸೋಮೇಶ್ವರನ ಮಾತಿನ ಭಾವಚಿತ್ರ ನನ್ನ ಮಟ್ಟಿಗೆ ಇದೇ.

ಪಕ್ಕದ ಬಾಗೇವಾಡಿಯ ಬಸವಣ್ಣನವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ನಮಗೆ ಸಿಕ್ಕಿಲ್ಲ. 2024ರಲ್ಲಿ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಎಂದು ಸಾರಿ ಕಚೇರಿಗಳಲ್ಲಿ ತೂಗುಹಾಕಿಸಿದ್ದೂ ಮನಸ್ಸಿನಿಂದ ಹುಟ್ಟಿದ ಮುಖವನ್ನೇ. ಜಯಂತಿಯ ದಿನ ಟ್ರ್ಯಾಕ್ಟರ್ ಮೇಲೆ ಆ ಚಿತ್ರ ಬಂದರೆ ಹೋಲಿಕೆ ಯಾರು ಕೇಳುತ್ತಾರೆ? ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ.

ನನ್ನ ಪ್ರಿಂಟ್ ಬರುವಷ್ಟರಲ್ಲಿ ಮುದುಕರೊಬ್ಬರು ಒಳಗೆ ಬಂದರು. ಅಂಗಿಯ ಕಿಸೆಯಿಂದ ಹೆಂಡತಿಯ ಮತದಾರರ ಚೀಟಿ ತೆಗೆದರು. ಅದರೊಳಗಿನ ಹೆಬ್ಬೆರಳಿನಷ್ಟು ಮುಖವನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಬೇಕಂತೆ, ಮನೆಯಲ್ಲಿ ಬೇರೆ ಫೋಟೋ ಇಲ್ಲ. ಹುಡುಗ ಅದನ್ನು ಕಂಪ್ಯೂಟರಿಗೆ ಏರಿಸಿದ. ಮುದುಕರು ತೆರೆಯನ್ನು ಬಹಳ ಹೊತ್ತು ನೋಡಿದರು.

“ತಮ್ಮಾ, ಒಂಚೂರು ನಗೂ ಹಂಗ ಮಾಡಾಕ ಬರ್ತದೇನು?”