ಡ್ರಾಕುಲಾನ ಗೋರಿ ಎಲ್ಲಿ?

ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ (1897) ಕಾದಂಬರಿಯನ್ನು ನಾವು ರಕ್ತ ಹೀರುವವನ ಕತೆಯೆಂದಷ್ಟೇ ಓದುತ್ತೇವೆ. ಆದರೆ ಆರನೇ ಅಧ್ಯಾಯದ ಆರಂಭದಲ್ಲಿ ಇರುವುದು ಒಂದು ದಫನಭೂಮಿ: ಇಂಗ್ಲೆಂಡಿನ ವಿಟ್ಬಿ ಎಂಬ ಕಡಲೂರಿನಲ್ಲಿ 199 ಮೆಟ್ಟಿಲು ಹತ್ತಿದರೆ ಸಿಗುವ ಸೇಂಟ್ ಮೇರಿ ಚರ್ಚಿನದು. ಅಲ್ಲಿ ಕುಳಿತ ಮುದುಕ ಸ್ವೇಲ್ಸ್, ಈ ಗೋರಿಕಲ್ಲುಗಳು ಸುಳ್ಳಾಡುತ್ತವೆ ಎನ್ನುತ್ತಾನೆ. ಕಲ್ಲಿನ ಮೇಲೆ ಹೆಸರಿರುವ ಎಷ್ಟೋ ನಾವಿಕರ ಶವ ಊರಿಗೆ ಮರಳಲೇ ಇಲ್ಲ, ಗೋರಿ ಖಾಲಿ. ಕಾದಂಬರಿಯ ಎಲ್ಲ ಭಯಕ್ಕಿಂತ ಈ ದುಃಖ ದೊಡ್ಡದು. ಆದರೆ ಲೇಖಕರು ಮುಂದಿನ ಅಧ್ಯಾಯದಲ್ಲೇ ಅವನನ್ನು ಸಾಯಿಸಿ ಮುಂದೆ ಸಾಗುತ್ತಾರೆ.

ದಿಬ್ಬ ಕುಸಿದು ಕೆಲವು ಗೋರಿಗಳು ನಾಶವಾದವೆಂದು ಕಾದಂಬರಿಯ ಮಿನಾ ದಿನಚರಿಯಲ್ಲಿ ಬರೆಯುತ್ತಾಳೆ. ಅದು ಬರೀ ಕಲ್ಪನೆಯಲ್ಲ. 2012ರ ಕೊನೆಯಲ್ಲಿ ಭಾರೀ ಮಳೆಗೆ ಆ ಗುಡ್ಡ ಜರಿಯಿತು. 2013ರ ಆರಂಭದಲ್ಲಿ ಮಣ್ಣಿನೊಂದಿಗೆ ಮನುಷ್ಯರ ಎಲುಬುಗಳು ಹೊರಬಿದ್ದವು. ಪ್ರವಾಸಿಗರು ಮಾತ್ರ ಹುಡುಕುತ್ತಿದ್ದುದು ಡ್ರಾಕುಲಾನ ಗೋರಿಯನ್ನು! ಅದನ್ನು ಕೇಳಬೇಡಿ ಎಂದು ಚರ್ಚಿನವರು ಫಲಕ ಹಾಕಬೇಕಾಯಿತು.

ಸತ್ತವರ ಎಲುಬಿಗೂ ಬದುಕಿರುವವರ ಎಲುಬಿನಷ್ಟೇ ಮರ್ಯಾದೆಯಿದೆ ಎಂಬುದು ಪ್ರವಾದಿಯವರ (ಸ) ಬೋಧನೆ. ಆ ಮರ್ಯಾದೆ ಓದಿನಲ್ಲೂ ಸಲ್ಲಬೇಕು. ಮುಂದಿನ ಸಲ ಈ ಪುಸ್ತಕ ತೆರೆದಾಗ ನಾವು ಸ್ವೇಲ್ಸ್‌ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರೋಣ.