ಪಾತ್ರದ ಪಕ್ಷಾಂತರವೂ ಔಚಿತ್ಯವೂ

ಕಾವ್ಯದಲ್ಲಿ ಒಂದು ಪಾತ್ರವು ತನ್ನ ಒಡೆಯನನ್ನು ಬಿಟ್ಟು ಎದುರು ಪಕ್ಷವನ್ನು ಸೇರಿದಾಗ ಸಹೃದಯನು ಅದನ್ನು ಏತರಿಂದ ನಂಬುತ್ತಾನೆ? ಒಡೆಯನು ಅವಮಾನಿಸಿದನು, ಎದುರಾಳಿಯು ಆಶೆ ತೋರಿಸಿದನು, ಆದಕಾರಣ ಇವನು ಹೋದನು ಎಂದು ವಿವರಿಸುವುದು ಪಾಠಶಾಲೆಗಳಲ್ಲಿ ರೂಢಿಯಾಗಿದೆ. ಈ ಸಮಾಧಾನವು ಸಾಲದು.

ಚರಿತ್ರೆಗಾದರೋ ಅಷ್ಟು ಸಾಕು. ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆಯಿಸಿ ನೆಲೆಗೊಳಿಸಲು ಊರು ಬೆಳೆಯಿತು. ಮರಾಠರೊಡನೆ ಪದೇ ಪದೇ ಕಾದಿದ ಹೈದರನಿಂದ ಮರಾಠನೊಬ್ಬನು ಜಹಗೀರು ಪಡೆದಾಗ ಅವನ ಅಂತರಂಗವು ಹೇಗಿದ್ದಿತೆಂದು ಚರಿತ್ರಕಾರನು ಕೇಳಬೇಕಾಗಿಲ್ಲ. ಕವಿಗೆ ಈ ಸೌಲಭ್ಯವಿಲ್ಲ. ರಸಭಂಗಕ್ಕೆ ಮೂಲವು ಅನೌಚಿತ್ಯವೆಂಬುದು ಆನಂದವರ್ಧನನ ನಿರ್ಣಯ. ಜಹಗೀರಿನಿಂದ ಮಾತ್ರವೇ ತಿರುಗಿದ ಪಾತ್ರವು ಕಥೆಗೆ ಉಪಕರಣವಾದೀತೇ ಹೊರತು ರಸಕ್ಕೆ ಆಶ್ರಯವಾಗದು.

ವಾಲ್ಮೀಕಿಯ ವಿಭೀಷಣನನ್ನು ನೋಡಬೇಕು. ಅವನು ರಾವಣನನ್ನು ಬಿಡುವುದಕ್ಕೆ ಮುನ್ನ ಸಭೆಯಲ್ಲಿ ಹಿತವನ್ನೇ ಹೇಳುತ್ತಾನೆ. ತಿರಸ್ಕೃತನಾಗಿ ಹೊರಟು ಬಂದಾಗ ಸುಗ್ರೀವನು ಅವನನ್ನು ಶಂಕಿಸುತ್ತಾನೆ. ರಾವಣನು ಮಡಿದಾಗ ಅವನೇ ಅಣ್ಣನಿಗಾಗಿ ವಿಲಪಿಸುತ್ತಾನೆ. ಈ ವಿಲಾಪವು ಪಕ್ಷಾಂತರಕ್ಕೆ ವಿರುದ್ಧವಲ್ಲ; ಅದೇ ಅದರ ಪ್ರಮಾಣ. ಹಳೆಯ ಸ್ನೇಹವು ನಾಶವಾಗಲಿಲ್ಲ, ಧರ್ಮನಿಷ್ಠೆಯೂ ಹೊಸದಾಗಿ ಹುಟ್ಟಲಿಲ್ಲ. ಆ ನಿಷ್ಠೆಗೆ ರಾವಣನು ಆಲಂಬನವಾಗಿ ಉಳಿಯಲಿಲ್ಲ, ಅಷ್ಟೆ. ಪಾತ್ರದ ನಡತೆಗೆಲ್ಲ ಆಧಾರವಾದ ಭಾವವನ್ನು ಸ್ಥಾಯಿಯೆಂದು ಕರೆಯುವುದಾದರೆ, ಆಲಂಬನವು ಬದಲಾಗಬಹುದು, ಸ್ಥಾಯಿಯು ಬದಲಾಗಕೂಡದು ಎಂಬುದೇ ಇಲ್ಲಿಯ ನಿಯಮ.

ಇದರ ವ್ಯತಿರೇಕವು ಕರ್ಣನಲ್ಲಿದೆ. ಜನ್ಮರಹಸ್ಯವನ್ನರಿತು ರಾಜ್ಯವೇ ಕೈಗೆ ಬರುವಂತಿದ್ದರೂ ವ್ಯಾಸನ ಕರ್ಣನಾಗಲಿ ಪಂಪನ ಕರ್ಣನಾಗಲಿ ಕೌರವನನ್ನು ಬಿಡುವುದಿಲ್ಲ. ಪ್ರಲೋಭನೆಯು ವಿಭೀಷಣನಿಗಿಂತ ಇವನಿಗೇ ಹಿರಿದು. ಆದರೆ ಇವನ ಸ್ಥಾಯಿಯು ಕೃತಜ್ಞತೆ. ಅದಕ್ಕೆ ದುರ್ಯೋಧನನಲ್ಲದೆ ಬೇರೆ ಆಲಂಬನವಿಲ್ಲ. ಇವನು ಹೋಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಹೊಸ ಕಾಲದ ಕಥೆಗೂ ಈ ನಿಯಮವು ಸಲ್ಲುತ್ತದೆ. ಹರಿಹರದ ಸಮೀಪದ ಮಲೇಬೆನ್ನೂರಿನಲ್ಲಿ 1920ರಲ್ಲಿ ಜನಿಸಿದ ತ. ರಾ. ಸುಬ್ಬರಾಯರ ‘ಹಂಸಗೀತೆ’ಯಲ್ಲಿ ಗಾಯಕ ಭೈರವಿ ವೆಂಕಟಸುಬ್ಬಯ್ಯನು ತನ್ನ ಗಾನವನ್ನು ದೇವರಿಗೆ ಮೀಸಲಿಟ್ಟು, ಟೀಪುವಿನ ಮುಂದೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಕೇಳುವವನು ಬದಲಾದನು, ನಾದನಿಷ್ಠೆಯು ಬದಲಾಗಲಿಲ್ಲ. ಆದ್ದರಿಂದಲೇ ಆ ಘೋರಕೃತ್ಯವೂ ನಂಬುಗೆಗೆ ಒಳಪಡುತ್ತದೆ.

ಸ್ಥಾಯಿಯು ಉಳಿದರೆ ಪರಿವರ್ತನೆಯೆಲ್ಲಿ ಎಂದು ಪೂರ್ವಪಕ್ಷಿಯು ಕೇಳಬಹುದು. ತೆತ್ತ ಬೆಲೆಯಲ್ಲಿದೆ ಎಂದು ಉತ್ತರ. ವಿಭೀಷಣನು ಅಣ್ಣನನ್ನು ತೆತ್ತನು, ವೆಂಕಟಸುಬ್ಬಯ್ಯನು ಕಂಠವನ್ನು ತೆತ್ತನು. ಏನನ್ನೂ ಕಳೆದುಕೊಳ್ಳದೆ ಪಕ್ಷ ಬದಲಿಸಿದವನನ್ನು ಹೊಸ ಪಕ್ಷದವರೂ ನಂಬರು, ಓದುವವರೂ ನಂಬರು.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ತುಂಗಭದ್ರೆಯ ತಡಿಯ ಹರಿಹರದಲ್ಲಿ ಕಟ್ಟಿಸಿದ ದೇಗುಲದಲ್ಲಿ ಬಲಭಾಗ ಹರನೂ ಎಡಭಾಗ ಹರಿಯೂ ಆದ ಮೂರ್ತಿಯು ನಿಂತಿದೆ. ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ದೃಷ್ಟಿಯು ಸರಿದರೂ ಭಕ್ತನ ಭಕ್ತಿಯು ಮುರಿಯುವುದಿಲ್ಲ. ಪಕ್ಷಾಂತರವನ್ನು ಚಿತ್ರಿಸುವ ಕವಿಯು ಸಾಧಿಸಬೇಕಾದುದೂ ಇಂತಹ ಅಖಂಡತೆಯನ್ನೇ.